ಜೋಡಿಸಿ ನೋಡಿದೇನು?

ನನ್ನ ಮದುವೆಯ ಫೋಟೋಗಳಲ್ಲಿ ನನ್ನ ಗಂಡ ಒಂದರಲ್ಲೂ ಕುಳಿತಿಲ್ಲ. ಅದಕ್ಕೆ ಕಾರಣ ತ್ರಿಶಲಾ ಮೇಡಂ.

ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಮುಗಿದು ಜನ ಸಾಲಾಗಿ ವೇದಿಕೆ ಹತ್ತುತ್ತಿದ್ದರು. ಮೇಡಂ ಸರದಿ ಬಂತು. ಅರವತ್ತರ ಹೆಂಗಸು ಮದುಮಗನ ಮುಂದೆ ಸೊಂಟ ಬಗ್ಗಿಸಿ ಕೈ ಕೆಳಗೆ ಚಾಚಿದ್ದನ್ನು ಕಂಡು ನಮ್ಮತ್ತೆ, "ಅಯ್ಯ, ಹಿರ್ಯಾರ ನೀವು, ಕಾಲಿಗೆ ಬೀಳಬ್ಯಾಡ್ರಿ!" ಎಂದು ಓಡಿಬಂದರು. ಮೇಡಂ ಹಿಡಿದದ್ದು ಮದುಮಗನ ಕಾಲನ್ನಲ್ಲ, ಕುರ್ಚಿಯ ಕಾಲನ್ನು. ಕೆಂಪು ಮಖಮಲ್ಲಿನ ಹೊದಿಕೆ ಎತ್ತಿ, ಒಳಗಿದ್ದ ಪ್ಲಾಸ್ಟಿಕ್ ಕುರ್ಚಿಯ ಕಾಲಿನಲ್ಲಿ ಬೆಳ್ಳಗೆ ಮೂಡಿದ್ದ ಗೆರೆಯನ್ನು ಉಗುರಿನಿಂದ ಗೀರಿ ನೋಡಿದರು. "ಅಳಿಯದೇವ್ರ, ಸ್ವಲ್ಪ ಏಳ್ರಿ. ಪ್ಲಾಸ್ಟಿಕ್ ಹಿಂಗ ಬೆಳ್ಳಗಾತಂದ್ರ ಅದು ನೋಟಿಸ್ ಕೊಟ್ಟೈತಿ ಅಂತ ತಿಳಕೋರಿ" ಎಂದರು. ನನ್ನ ಗಂಡ ಎದ್ದರು. ಬೇರೆ ಕುರ್ಚಿ ತರಲು ಹೋದ ಹುಡುಗರು ಊಟದ ಪಂಕ್ತಿಯಲ್ಲಿ ಕುಳಿತುಬಿಟ್ಟರು. ಇವತ್ತಿಗೂ ಆಲ್ಬಮ್ ತೆಗೆದಾಗಲೆಲ್ಲ ನಮ್ಮ ಮನೆಯವರು "ಎಲ್ಲಾ ನಿಮ್ಮ ಮೇಡಂ ಪುಣ್ಯ" ಎನ್ನುತ್ತಾರೆ. ಆ ಕುರ್ಚಿ ಮುರಿಯುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಮೇಡಂ ಇದ್ದ ಕಡೆ ಯಾವ ವಸ್ತುವಿಗೂ ಯಾವ ಮನುಷ್ಯನಿಗೂ ನೆಮ್ಮದಿ ಇರುತ್ತಿರಲಿಲ್ಲ.

ಬೆಳಗಾವಿಯಲ್ಲಿ ಡಿಪ್ಲೊಮಾ ಓದುವಾಗ ಅವರು ನಮಗೆ ಎಂಜಿನಿಯರಿಂಗ್ ವಸ್ತುಗಳ ಪಾಠ ಹೇಳಿದವರು. ನಿವೃತ್ತರಾದ ಮೇಲಾದರೂ ಸುಮ್ಮನಿರಬಾರದೇ? ಊರಾಚೆ ಕಾರ್ಖಾನೆಗಳಿರುವ ಮಚ್ಛೆಯಲ್ಲಿ ಒಂದು ಸಣ್ಣ ಟೆಸ್ಟಿಂಗ್ ಲ್ಯಾಬ್ ನೋಡಿಕೊಳ್ಳಲು ಕುಳಿತರು. ಅದರಿಂದ ಎರಡು ರಸ್ತೆ ಆಚೆಗಿನ ಫೌಂಡ್ರಿಯಲ್ಲಿ ನಾನು ಕ್ವಾಲಿಟಿ ಸೂಪರ್‌ವೈಸರ್. ನಾವು ಎರಕ ಹೊಯ್ದ ಮಾಲಿನ ತುಂಡುಗಳನ್ನು ಅವರ ಹತ್ತಿರವೇ ಒಯ್ಯಬೇಕು. ಪರೀಕ್ಷೆ ಪಾಸಾಗಿ ಹೊರಬಿದ್ದೆ ಎಂದುಕೊಂಡಿದ್ದ ನಾನು ಮತ್ತೆ ಅವರ ಬೆಂಚಿನ ಮುಂದೆ ಕೈಕಟ್ಟಿ ನಿಲ್ಲುವ ಹಾಗಾಯಿತು.

ಬೆಳಗಾವಿಯ ಖಾಸಬಾಗದ ಹಳೆಯ ಜೈನ ಮನೆತನ ಅವರದು. ನೀರನ್ನು ಸೋಸಿಯೇ ಕುಡಿಯಬೇಕು, ಹೊತ್ತು ಮುಳುಗುವ ಮೊದಲೇ ಊಟವಾಗಬೇಕು, ಬೆಂಚಿನ ಮೇಲೆ ಇರುವೆ ಬಂದರೆ ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಟ್ಟು ಬರಬೇಕು. ಹೀಗೆ ಇರುವೆಗೂ ದಾರಿ ಬಿಡುವ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಮಾಡುತ್ತಿದ್ದ ಕೆಲಸ ಮಾತ್ರ ಮುರಿಯುವುದು. ಕಬ್ಬಿಣದ ಸರಳನ್ನು ಮಷಿನ್ನಿಗೆ ಸಿಕ್ಕಿಸಿ ಹರಿಯುವವರೆಗೆ ಜಗ್ಗುವುದು, ಚೌಕದ ತುಂಡನ್ನು ಉಯ್ಯಾಲೆಯಂತೆ ತೂಗುವ ಸುತ್ತಿಗೆಯಿಂದ ಒಂದೇ ಪೆಟ್ಟಿಗೆ ಮುರಿಯುವುದು. ಮುರಿದ ಮೇಲೆ ಅದರ ಮುಖವನ್ನು ಭೂತಗನ್ನಡಿಯಲ್ಲಿ ನೋಡುತ್ತ ಲೋಕ ಮರೆಯುವುದು. ಒಂದು ತುಂಡು ಮುರಿದರೆ ಸಾಲದು, ಮೂರು ಬೇಕು. ಮೂರರ ಉತ್ತರ ಒಂದೇ ಬಂದರೆ, "ಎಲ್ಲಾ ಒಂದ ಬಂದೈತಿ, ಯಾಕೋ ಸಂಶೇ ಬರತೈತಿ" ಎಂದು ನಾಲ್ಕನೆಯದನ್ನು ಕೇಳುತ್ತಿದ್ದರು. ನಮ್ಮ ಮಾಲು ತುಂಬಿದ ಲಾರಿ ಗೇಟಿನಲ್ಲಿ ನಿಂತಿರುತ್ತಿತ್ತು.

ಕ್ಲಾಸಿನಲ್ಲಿ ಅವರು ಮೊದಲ ದಿನವೇ ಒಂದು ಪದವನ್ನು ನಿಷೇಧಿಸಿದ್ದರು: ಗಟ್ಟಿ. "ಗಾಜು ಗಟ್ಟಿನೋ ರಬ್ಬರ್ ಗಟ್ಟಿನೋ ಹೇಳು" ಎಂದು ನನ್ನನ್ನು ಎಬ್ಬಿಸಿದರು. ಗಾಜು ಎಂದೆ. ಗಾಜಿನ ತುಂಡನ್ನು ಬ್ಲೇಡಿನಿಂದ ಗೀರಿ ತೋರಿಸಿದರು, ಗೆರೆ ಬೀಳಲಿಲ್ಲ. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅದನ್ನು ನೆಲಕ್ಕೆ ಬಿಟ್ಟರು. ಚೂರಾಯಿತು. ರಬ್ಬರನ್ನೂ ಬಿಟ್ಟರು, ಅದು ಪುಟಿದು ಯಾರದೋ ಚೀಲ ಸೇರಿತು. "ಯಾವ ಗಟ್ಟಿ ಅಂತ ಮೊದಲ ಹೇಳಬೇಕು. ಗೀರು ಬೀಳಂಗಿಲ್ಲೋ, ಬಾಗಂಗಿಲ್ಲೋ, ಜಗ್ಗಿದ್ರ ಹರಿಯಂಗಿಲ್ಲೋ, ಪೆಟ್ಟು ತಿಂದ್ರ ಒಡಿಯಂಗಿಲ್ಲೋ? ನಾಕೂ ಬ್ಯಾರೆ ಬ್ಯಾರೆ. ಎಲ್ಲಾಕ್ಕೂ ಗಟ್ಟಿ ಗಟ್ಟಿ ಅಂದ್ರ ನೀ ಎಂಜಿನಿಯರ್ ಅಲ್ಲ, ಸಂತ್ಯಾಗ ಕುಂಬಳಕಾಯಿ ಬಡದು ನೋಡಾಕಿ." ಆ ದಿನದಿಂದ ನನಗೆ ಬಾಂಡೆ ಅಂಗಡಿಯಲ್ಲಿ ನೆಟ್ಟಗೆ ಒಂದು ತಪ್ಪೇಲಿ ಕೊಳ್ಳಲು ಬಂದಿಲ್ಲ. "ಗಟ್ಟಿ ಐತೇನ್ರಿ?" ಎಂಬ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಲೋಕದ ಸಾಮಾನನ್ನೆಲ್ಲ ಅವರು ನಾಲ್ಕು ರಾಶಿ ಮಾಡಿದ್ದರು: ಲೋಹ, ಸುಟ್ಟ ಮಣ್ಣು, ಪ್ಲಾಸ್ಟಿಕ್ಕು, ಮತ್ತು ಒಂದರೊಳಗೊಂದು ಕೂಡಿಸಿದ್ದು. ಕೊನೆಯದಕ್ಕೆ ಜಾಂಬೋಟಿ ಕಡೆಯ ಗೋಡೆಗಳ ಉದಾಹರಣೆ ಕೊಡುತ್ತಿದ್ದರು, ಮಣ್ಣಿಗೆ ಭತ್ತದ ಹುಲ್ಲು ಕಲಸಿ ಕಟ್ಟಿದವು. ಮನುಷ್ಯರನ್ನೂ ಇದೇ ರಾಶಿಗಳಿಗೆ ಹಾಕುವುದು ಅವರ ಕೆಟ್ಟ ಚಾಳಿ. ನಮ್ಮ ಫೌಂಡ್ರಿಯ ಮಾಲಕರು ಅವರ ಲೆಕ್ಕದಲ್ಲಿ ಬೀಡು ಕಬ್ಬಿಣ. "ಹೊರಿ ಹೊರಸ್ರಿ, ಹೊರತಾನ. ಒಂದ್ ಮಾತ್ ಬಡದ್ರ ಸೀಳತಾನ." ನಾನು ಯಾವ ರಾಶಿ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ನಿನ್ನ ಇನ್ನೂ ಟೆಸ್ಟ್ ಮಾಡಿಲ್ಲ" ಎಂದರು.

ನಮ್ಮಪ್ಪ ಖಾನಾಪುರದಲ್ಲಿ ಹಂಚು, ಮಡಕೆ ಸುಡುವ ಭಟ್ಟಿ ಇಟ್ಟುಕೊಂಡವರು. ನಾನಿನ್ನೂ ಓದುತ್ತಿದ್ದಾಗ ಒಂದು ರವಿವಾರ ಮೇಡಂ ಭಟ್ಟಿ ನೋಡಲು ಬಂದರು. ಬಂದವರು ಸುಮ್ಮನೆ ನೋಡಿದರೇ? ಒಟ್ಟಿದ್ದ ಹಂಚನ್ನೆಲ್ಲ ಒಂದೊಂದಾಗಿ ಬೆರಳಿನಿಂದ ಬಡಿದು, ಸದ್ದು ಕೇಳಿ, ಮೂರು ಹಂಚು ಬೇರೆ ತೆಗೆದಿಟ್ಟು, "ಇವು ಒಳಗ ಸೀಳ್ಯಾವ" ಎಂದರು. ಅಪ್ಪ ಸಿಟ್ಟು ನುಂಗಿಕೊಂಡು, "ಬಾಯಾರ, ನಾ ಸಾಲಿ ಕಲತಾಂವಲ್ಲ. ನನಗ ಗೊತ್ತಿರೂದು ಒಂದ ಮಾತು. ಒಣಗಿದ ಮಣ್ಣು ನೀರಾಗ ಹಾಕಿದ್ರ ತಿರಗಿ ಮಣ್ಣಾಗತೈತಿ, ಸುಟ್ಟದ್ದು ಆಗಂಗಿಲ್ಲ" ಎಂದರು. ಮೇಡಂ ಚೀಲದಿಂದ ವಹಿ ತೆಗೆದು ಆ ಮಾತನ್ನು ಅಪ್ಪನ ಹೆಸರಿನ ಸಮೇತ ಬರೆದುಕೊಂಡರು. ಮುಂದಿನ ವಾರ ಅದನ್ನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದರು. ಅಪ್ಪನಿಗೆ ಅದನ್ನು ಹೇಳಿದಾಗ ಅವರು ಎರಡು ದಿನ ಯಾರ ಮೇಲೂ ರೇಗಲಿಲ್ಲ. ಆಮೇಲೆ ಒಂದು ಮಣ್ಣಿನ ಮಗ್ಗು ಮಾಡಿ, ಕಂದು ಮೆರುಗು ಕೊಟ್ಟು ಸುಟ್ಟು, ನನ್ನ ಕೈಯಲ್ಲಿ ಕಳಿಸಿದರು. "ಹಿಡಿಕಿ ಕೂಡಸಿದ್ದು ಬರೋಬರಿ ಇಲ್ಲ, ಇಲ್ಲೇ ಮುರೀತೈತಿ ನೋಡು" ಎಂದರು ಮೇಡಂ. ಮುಂದೆ ಹದಿನೈದು ವರ್ಷ ಅದರಲ್ಲೇ ಚಹಾ ಕುಡಿದರು, ಪ್ರತಿಸಲ ಹಿಡಿಕೆಯನ್ನು ಬಯ್ದರು.

ಆದರೆ ಅವರ ಹೆಸರು ಬಂದರೆ ಮಚ್ಛೆಯ ಮಂದಿಗೆ ಇವತ್ತಿಗೂ ನೆನಪಾಗುವುದು ಒಂದೇ ಪ್ರಶ್ನೆ. ಯಾವುದೇ ಕಾರ್ಖಾನೆಯಲ್ಲಿ ಏನೇ ಮುರಿದು ಅದನ್ನು ಅವರ ಹತ್ತಿರ ಒಯ್ದರೂ, ಕುಂದರ್ರಿ ಎನ್ನುವ ಮೊದಲೇ ಕೇಳುತ್ತಿದ್ದರು: "ಜೋಡಿಸಿ ನೋಡಿದೇನು?"

ಮುರಿದ ಎರಡು ತುಂಡು ಕೈಗೆ ಬಂದರೆ ಮನುಷ್ಯ ಮೊದಲು ಮಾಡುವ ಕೆಲಸವೇ ಅದು, ಒಂದಕ್ಕೊಂದು ಕೂಡಿಸಿ ನೋಡುವುದು. ಬಳೆಯಾಗಲಿ, ತಾಟಾಗಲಿ, ಯಾರಾದರೂ ಹಾಗೇ ಮಾಡುತ್ತಾರೆ. ಮೇಡಂ ಪ್ರಕಾರ ಅದು ಮಹಾಪಾಪ. "ಯಾಕ ಮುರೀತು, ಎಲ್ಲಿಂದ ಮುರೀತು, ಎಂದ ಮುರ್ಯಾಕ ಚಾಲೂ ಆತು, ಎಲ್ಲಾ ಆ ಮಾರಿ ಮ್ಯಾಲ ಬರದಿರತೈತಿ. ಕೂದಲೆಳಿಗಿಂತ ಸಣ್ಣ ಅಕ್ಷರ. ನೀವು ಎರಡೂ ಮಾರಿ ತಿಕ್ಕಿದ್ರ ಅದು ಅಳಿಸಿಹೋಗತೈತಿ. ಬ್ಯಾರೆ ಬ್ಯಾರೆ ಕಾಗದದಾಗ ಸುತ್ತಿ ತರ್ರಿ." ವಾಟ್ಸಾಪಿನಲ್ಲಿ ಮುರಿದ ಮಾಲಿನ ಫೋಟೋ ಕಳಿಸಿದರೆ ಫೋನ್ ಮಾಡಿ ಬಯ್ಯುತ್ತಿದ್ದರು. ಎದುರಿಗೆ ಹೋದರೆ ಆ ಪ್ರಶ್ನೆಯನ್ನು ಎರಡು ಸಲ ಕೇಳುತ್ತಿದ್ದರು. "ಮೊದಲನೇ ಸಲ ಕೇಳಿದ್ದಕ್ಕ ಅಂಜಿಕಿ ಉತ್ತರಾ ಕೊಡತೈತಿ. ಎರಡನೇ ಸಲ ಕೇಳಿದ್ದಕ್ಕ ಮನಷ್ಯಾ ಕೊಡತಾನ" ಎಂಬುದು ಅವರ ಸಮಜಾಯಿಷಿ.

ಇಷ್ಟೆಲ್ಲ ಬಾಯಿಪಾಠ ಬರುತ್ತಿದ್ದ ನಾನೇ ಆ ತಪ್ಪು ಮಾಡಿದೆ.

ನಮ್ಮ ಫೌಂಡ್ರಿಯಲ್ಲಿ ಅಚ್ಚಿನ ಉಸುಕು ಕಲಸುವ ಎರಡು ಮಿಕ್ಸರ್‌ಗಳಿದ್ದವು. ಒಂದರ ಮೇಲೆ ದಸ್ತಗೀರಚಾಚಾ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದರು. ಒಂದು ಮುಂಜಾನೆ ಅದನ್ನು ತಿರುಗಿಸುವ ದಂಡ, ನನ್ನ ತೋಳಿನಷ್ಟು ದಪ್ಪದ ಉಕ್ಕಿನ ದಂಡ, ಠಣ್ ಎಂದು ಎರಡಾಯಿತು. ಮಾಲಕರು ಬಂದವರೇ ಚಾಚಾನ ಮೇಲೆ ಹರಿಹಾಯ್ದರು: "ಲಗೂ ಮುಗಸಬೇಕಂತ ಮಿತಿ ಮೀರಿ ಉಸಕ ತುಂಬೀ. ಇಲ್ಲಂದ್ರ ಇಂಥಾ ದಂಡ ಮುರೀತೈತೇನು? ನಾಳಿಂದ ಬರಬ್ಯಾಡ." ಚಾಚಾ ನನ್ನ ಕಡೆ ತಿರುಗಿ, "ಬೇಟಿ, ಅಲ್ಲಾನ ಆಣಿ, ಗೆರಿಗಿಂತ ಮ್ಯಾಲ ಒಂದ್ ಬುಟ್ಟಿ ಹಾಕಿಲ್ಲ" ಎಂದರು. ಲ್ಯಾಬಿನ ರಿಪೋರ್ಟ್ ಬರುವವರೆಗೆ ತಡೆಯಿರಿ ಎಂದು ನಾನು ಮಾಲಕರನ್ನು ಬೇಡಿಕೊಂಡೆ. ಆಯಿತು ಎಂದರು. ಆ ಗಡಿಬಿಡಿಯಲ್ಲಿ, ಆಣೆ ಮಾಡಿ ಹೇಳುತ್ತೇನೆ, ನನ್ನ ಕೈ ನನ್ನನ್ನು ಕೇಳಲಿಲ್ಲ. ಬಿದ್ದಿದ್ದ ತುಂಡನ್ನು ಎತ್ತಿ ಮಷಿನ್ನಿನಲ್ಲಿ ಉಳಿದಿದ್ದ ತುಂಡಿಗೆ ಹಚ್ಚಿ, ಸರಿಯಾಗಿ ಕೂರಲಿ ಎಂದು ಸ್ವಲ್ಪ ತಿರುಗಿಸಿದೆ. ಕರ್ರ್ ಎಂದಿತು.

ಲ್ಯಾಬಿಗೆ ಒಯ್ದಾಗ ಮೇಡಂ ಮೊದಲು ಆ ಮುರಿದ ಮುಖವನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ಗಾಲಿಯನ್ನು ದಂಡಕ್ಕೆ ಬಿಗಿಯುವ ಬೆಣೆ ಕೂರಿಸಲು ಕೊರೆದಿದ್ದ ಕಚ್ಚಿನ ಮೂಲೆಯ ಹತ್ತಿರ ಒಂದು ಭಾಗ ನುಣ್ಣಗೆ ಹೊಳೆಯುತ್ತಿತ್ತು. ಉಳಿದದ್ದು ಬೆಲ್ಲದ ಪೆಂಟೆ ಒಡೆದ ಹಾಗೆ ಹರಳು ಹರಳು. "ಈ ಹೊಳಪು ಹಳೇದಿದ್ರ, ಇಲ್ಲಿ ಎಂದೋ ಸೀಳು ಬಿಟ್ಟು, ತಿರಗಿದಂಗ ತಿರಗಿದಂಗ ಒಳಗ ತಿಕ್ಕಿ ನುಣುಪಾಗೇತಿ ಅಂತ ಅರ್ಥ. ಉಸಕ ಹಾಕಿದಾಂವಂದು ತಪ್ಪಿಲ್ಲ. ಇದು ಯಾರರ ಜೋಡಿಸಿ ತಿಕ್ಕಿದ ಹೊಳಪಾದ್ರ ಏನೂ ಅರ್ಥಿಲ್ಲ. ಸುರೇಖಾ, ಜೋಡಿಸಿ ನೋಡಿದೇನು?"

"ಇಲ್ರಿ" ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು! ಒಂದು 'ಇಲ್ಲ'ದಿಂದ ಚಾಚಾನ ಕೆಲಸ ಉಳಿಯುತ್ತಿತ್ತು. ಅವರದು ತಪ್ಪಿಲ್ಲ ಎಂದು ನನಗಂತೂ ಗೊತ್ತಿತ್ತು.

"ಹೋಗಿ ನೀರ ಕುಡದ ಬಾ" ಎಂದರು. ಹೋಗಿ ಕುಡಿದು ಬಂದೆ. ಧ್ವನಿ ಏರಿಸಲಿಲ್ಲ, ಇಳಿಸಲಿಲ್ಲ, ಅದೇ ಪ್ರಶ್ನೆ ಕೇಳಿದರು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಹೌದ್ರಿ, ಜೋಡಿಸೀನಿ" ಎಂದೆ.

ಅವರು ರಿಪೋರ್ಟಿನಲ್ಲಿ ಒಂದೇ ಸಾಲು ಬರೆದರು: ಮುರಿದ ಮುಖ ಕೆಟ್ಟಿರುವುದರಿಂದ ಕಾರಣ ಹೇಳಲಾಗದು. ನಾನು ಕೈಮುಗಿದೆ, ಜಗಳಾಡಿದೆ. "ನಿಮ್ಮ ಚಾಚಾ ಹೇಳೂದು ಖರೇನ ಇರಬೇಕು. ಆದ್ರ ಈ ತುಂಡು ಸಾಕ್ಷಿ ಹೇಳಂಗಿಲ್ಲ. ಅದರ ಬಾಯಿ ನೀ ಮುಚ್ಚೀದಿ" ಎಂದರು. ಇಂಥ ಹೆಂಗಸಿಗೆ ಏನು ಹೇಳುವುದು? ಒಬ್ಬ ಮನುಷ್ಯನ ಅನ್ನಕ್ಕಿಂತ ಕಬ್ಬಿಣದ ತುಂಡೇ ದೊಡ್ಡದಾಯಿತೇ? ಬಾಗಿಲಲ್ಲಿ ನಿಂತು ಕಿರುಚಿದೆ: "ಬಾಜೂ ಮಿಕ್ಸರಿಗೂ ಅದ ದಂಡ ಐತ್ರಿ, ಅದ ಲೇಥಿನ್ಯಾಗ ಮಾಡಿದ್ದು. ಅದೂ ಮುರೀಲಿ, ಇನ್ನೊಬ್ಬನ್ನೂ ಮನಿಗೆ ಕಳಸ್ಲಿ, ಆವಾಗ ಜೋಡಸದ ತಂದ ಕೊಡತೀನಿ, ತಗೋರಿ!" ಚಾಚಾ ಮರುದಿನದಿಂದ ಬರಲಿಲ್ಲ. ಅವರ ಚಹಾದ ಬಶಿ ಮಿಕ್ಸರಿನ ಹಿಂದಿನ ಕಿಟಕಿಯಲ್ಲೇ ಉಳಿದಿತ್ತು.

ಮೂರನೆಯ ದಿನ ನಾಲ್ಕು ಗಂಟೆಗೆ ಮೇಡಂ ನಮ್ಮ ಗೇಟಿನಲ್ಲಿ ಬಂದು ನಿಂತರು. ಒಂದು ಕೈಯಲ್ಲಿ ಚಿಮಣಿ ಎಣ್ಣೆಯ ಬಾಟಲಿ, ಇನ್ನೊಂದರಲ್ಲಿ ಸಾಲೆಯ ಬೋರ್ಡಿನ ಮೇಲೆ ಬರೆಯುವ ಬಿಳಿ ಖಡುವಿನ ಡಬ್ಬಿ. ಹೆಗಲ ಚೀಲದಲ್ಲಿ ಸಂಜೆಯ ಊಟದ ಡಬ್ಬಿ. ನನ್ನ ಕಡೆ ತಿರುಗಿಯೂ ನೋಡದೆ ಮಾಲಕರಿಗೆ, "ಆ ಎರಡನೇ ಮಿಕ್ಸರ್ ಒಂದ್ ತಾಸು ನಿಲ್ಲಸ್ರಿ" ಎಂದರು.

"ಆಗೂದಿಲ್ರಿ ಮೇಡಂ. ಒಂದ ಮಷಿನ್ ಮ್ಯಾಲ ಎಲ್ಲಾ ಕೆಲಸಾ ನಡದೈತಿ. ಐದೂವರಿಗೆ ಪಾಳಿ ಮುಗೀತೈತಿ, ಆಮ್ಯಾಲ ಬೇಕಾದ್ರ ನೋಡಕೋರಿ."

ಅವರು ಅಲ್ಲೇ ಒಂದು ಕುರ್ಚಿ ಎಳೆದುಕೊಂಡರು. ಅದರ ಕಾಲನ್ನು ಪರೀಕ್ಷಿಸಿಯೇ ಕುಳಿತರು. ಐದೂವರೆಯವರೆಗೂ ತಿರುಗುತ್ತಿದ್ದ ದಂಡದ ಮೇಲಿಂದ ಕಣ್ಣು ತೆಗೆಯಲಿಲ್ಲ, ಡಬ್ಬಿ ತೆಗೆಯಲೂ ಇಲ್ಲ. ಮಷಿನ್ ನಿಂತ ಮೇಲೆ ಅರಿವೆಯಿಂದ ದಂಡ ಒರೆಸಿ, ಕಚ್ಚಿನ ಸುತ್ತ ಎಣ್ಣೆ ಹಚ್ಚಿ, ಅದು ಇಳಿಯಲಿ ಎಂದು ಅರ್ಧ ತಾಸು ಕಾದರು. ಆಮೇಲೆ ಎಣ್ಣೆ ಪೂರಾ ಒರೆಸಿ ತೆಗೆದು, ಅರೆದ ಖಡುವಿನ ಪುಡಿ ಸವರಿದರು. ದಂಡ ಬೆಳ್ಳಗಾಯಿತು. ಮಾಲಕರು ಗಡಿಯಾರ ನೋಡುತ್ತಿದ್ದರು. ನನಗೋ ಸಾಕುಸಾಕಾಗಿತ್ತು.

ಸ್ವಲ್ಪ ಹೊತ್ತಿಗೆ ಕಚ್ಚಿನ ಮೂಲೆಯಿಂದ ಬಿಳಿ ಪುಡಿಯ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಒಳಗೆ ಇಳಿದಿದ್ದ ಎಣ್ಣೆ ಹೊರಗೆ ಬರುತ್ತಿತ್ತು. ನೋಡುತ್ತಿದ್ದ ಹಾಗೇ ಗೆರೆ ಬೆರಳುದ್ದ ಆಯಿತು.

"ಮೂಲಿ ಚೂಪ ಬಿಟ್ಟು ಕೊರದಾರ, ಅಲ್ಲಿಂದ ಸೀಳು ನಡದೈತಿ. ಆ ದಂಡದಾಗೂ ಇದ ಮೂಲಿ" ಎಂದರು ಮೇಡಂ. ಆಮೇಲೆ ಮಾಲಕರ ಕಡೆ ತಿರುಗಿ ಕೇಳಿದರು: "ಈಗ ಹೇಳ್ರಿ, ಇದನ್ನ ಯಾರು ಉಸಕ ಜಾಸ್ತಿ ಹಾಕಿ ಮುರದ್ರು? ಇದು ಇನ್ನೂ ಮುರದೇ ಇಲ್ಲ."

ಬೀಡು ಕಬ್ಬಿಣ ಸೀಳಲಿಲ್ಲ. ಮಾಲಕರು ಬಗ್ಗಿ ಆ ಗೆರೆಯನ್ನು ನೋಡಿ, "ದಸ್ತಗೀರಗ ಫೋನ್ ಹಚ್ಚವಾ" ಎಂದರು ನನಗೆ.

ಬಸ್ ಸ್ಟಾಪಿನವರೆಗೆ ಮೇಡಂ ಜೊತೆ ನಡೆದೆ. ಹೊತ್ತು ಮುಳುಗಿಹೋಗಿತ್ತು, ಅವರ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು. ಇನ್ನು ನಾಳೆ ಬೆಳಗಿನವರೆಗೆ ಉಪವಾಸ. ಉಪಕಾರ ಹೇಳಲು ಬಾಯಿ ತೆರೆದೆ. "ನಿನ್ನ ಸಲುವಾಗಿ ಬಂದಿಲ್ಲ" ಎಂದು ತಡೆದರು. "ಎರಡನೇ ಸಲಾನೂ ನೀ ಇಲ್ಲ ಅಂದಿದ್ರ ನಾ ಹಳೇ ಸೀಳು ಅಂತ ಬರದ ಕೊಡತಿದ್ದೆ. ನಿಮ್ಮ ಚಾಚಾ ಕೆಲಸಕ್ಕ ಬಂದು ಈ ಮಷಿನ್ ಮ್ಯಾಲ ನಿಂದರತಿದ್ದಾ, ಇದರ ಸೀಳು ಯಾರೂ ನೋಡತಿದ್ದಿಲ್ಲ. ಎಣ್ಣಿ ಅರಿವಿ ಅಲ್ಲೇ ಬಿಟ್ಟ ಬಂದೀನಿ, ತೊಳದ ತಂದ ಕೊಡು." ಬಸ್ ಬಂತು, ಹತ್ತಿ ಹೋದರು. ಆ ಅರಿವೆಯನ್ನು ಎರಡು ಸಲ ತೊಳೆಸಿದರು, ಮೊದಲ ಸಲದ್ದು ಸ್ವಚ್ಛವಾಗಿರಲಿಲ್ಲವಂತೆ. ಚಾಚಾ ಮಾತ್ರ ಮುಂದೆ ಪ್ರತಿವರ್ಷ ಈದಿನ ದಿನ ಹೊತ್ತು ಮುಳುಗುವ ಮೊದಲೇ ಖಾಸಬಾಗಕ್ಕೆ ಶೀರಖುರ್ಮಾ ಮುಟ್ಟಿಸಿ ಬರುತ್ತಿದ್ದರು.

ಮೇಡಂ ತೀರಿಕೊಂಡು ಎಂಟು ತಿಂಗಳಾಯಿತು. ಅದಕ್ಕೆ ಸ್ವಲ್ಪ ಮೊದಲು ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದರು. ನೋಡಲು ಹೋದರೆ, ಆರಾಮ ಇದ್ದೀರಾ ಎಂದು ಕೇಳಲು ಬಿಡದೆ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಒಳಗೆ ಹಾಕಿದ ಸರಳು ಯಾವ ಲೋಹದ್ದೆಂದು ಡಾಕ್ಟರರನ್ನು ಎರಡು ಸಲ ಕೇಳಿದರಂತೆ, ಅವರು ಎರಡು ಸಲವೂ ರೆಸ್ಟ್ ತಗೊಳ್ಳಿ ಅಂದರಂತೆ. "ಎಲುಬು ನೋಡು, ಸುಣ್ಣಾ ಮತ್ತ ನಾರು ಕೂಡಸಿದ್ದು. ಜಾಂಬೋಟಿ ಗ್ವಾಡಿನ ಇದು. ನಾರು ಹ್ವಾದ್ರ ಮುಗೀತು" ಎಂದರು. ಮನುಷ್ಯರು ಹೀಗೂ ನರಳದೆ ಇರಬಹುದೇ ಎಂದು ನನಗೆ ರೇಗಿತು.

ಅಪ್ಪನ ಮಗ್ಗಿನಲ್ಲಿ ಚಹಾ ಕುಡಿಯುತ್ತಿದ್ದರು. ಮಗ್ಗು ಜಾರಿ ನೆಲಕ್ಕೆ ಬಿದ್ದು ಸರಿಯಾಗಿ ಎರಡು ಹೋಳಾಯಿತು. ಹಿಡಿಕೆಗೆ ಏನೂ ಆಗಿರಲಿಲ್ಲ. "ನೋಡು, ಹದಿನೈದ ವರ್ಷ ಬಯ್ದೆ, ಹಿಡಿಕಿ ಹಂಗ ಐತಿ. ನಿಮ್ಮಪ್ಪಗ ಹೇಳು" ಎಂದರು. ನಾನು ಬಗ್ಗಿ ಒಂದೊಂದು ಕೈಯಲ್ಲಿ ಒಂದೊಂದು ಹೋಳು ಎತ್ತಿಕೊಂಡೆ. ಎತ್ತಿಕೊಂಡು, ಕೈ ದೂರ ದೂರ ಹಿಡಿದು ನಿಂತೆ. ಇಷ್ಟು ವರ್ಷದ ರೂಢಿ.

ಮೇಡಂ ನನ್ನ ಕೈಗಳನ್ನೇ ನೋಡುತ್ತಿದ್ದರು.

"ಜೋಡಸು" ಎಂದರು.

"ರೀ?"

"ಜೋಡಿಸಿ ನೋಡು. ಇದರಾಗ ಸಂಶೇ ಏನಿಲ್ಲ, ಕೆಡವಿದಾಕಿ ನಾನ."

ಜೋಡಿಸಿದೆ. ಸಣ್ಣಗೆ ಕಿರ್ ಎಂದು ಕೂತಿತು. ಗೆರೆ ಎಲ್ಲಿದೆ ಎಂದೇ ತಿಳಿಯಲಿಲ್ಲ, ಮುರಿದೇ ಇರಲಿಲ್ಲವೇನೋ ಅನ್ನಿಸಿತು. ಮೇಡಂ ಕೈಚಾಚಿ ಅದರ ಮೇಲೆ ಬೆರಳಾಡಿಸಿದರು. "ಎಷ್ಟ ಚಂದ ಕೂಡತೈತಿ ನೋಡು" ಎಂದರು. "ಅದಕ್ಕ ಎಲ್ಲಾರೂ ಜೋಡಸ್ತಾರ. ಕೆಲಸಕ್ಕ ಸೇರಿದ ಹೊಸದಾಗ ನಾನೂ ಒಂದ ಸಲ ಜೋಡಿಸಿದ್ದೆ. ನನ್ನ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಪಾಪ, ಮಾಡದ ತಪ್ಪು ಹೊತಗೊಂಡು ಆ ಮನಷ್ಯಾ ಹೋದ."

ಯಾವ ಮನುಷ್ಯ, ಎಲ್ಲಿಗೆ ಹೋದ, ಏನಾಯಿತು ಎಂದು ನಾನು ಕೇಳಬೇಕಿತ್ತು. ಒಂದು ಸಲ ಅಲ್ಲ, ನೀರು ಕುಡಿಸಿ ಎರಡು ಸಲ ಕೇಳಬೇಕಿತ್ತು. ಕಲಿಸಿದವರು ಅವರೇ. ಕೇಳಲಿಲ್ಲ. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಕೈ ಬಿಟ್ಟರೆ ಎರಡಾಗುವ ಆ ಮಗ್ಗನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ.